ಸಿಸ್ಟರ್ ಸೀಟಿ ಊದಲಿಲ್ಲ

ನನ್ನ ಅಕ್ಕನಿಗೆ ಹಾವು ಕಚ್ಚಿತ್ತು. ನಾನು ಶೇಂಗಾ ಹೊಲದ ನಡುವೆ ನಿಂತು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದೆ. ಕೂಲಿಗೆ ಬಂದಿದ್ದ ಹನುಮಕ್ಕ ಓಡಿ ಬಂದಳು. ಬಾಯಲ್ಲಿದ್ದ ಎಲೆಅಡಿಕೆ ಉಗಿದಳು. ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, ತಲೆದೂಗಿ ಹೇಳಿದಳು:

"ಏನ್ ಪಾಲ್ಟು ಮಾಡ್ತೀರಿ ಅಕ್ಕಾರೆ! ಹೋದ್ ತಿಂಗ್ಳು ಓಬಜ್ಜ ಇದ್ರಾಗೆ ಅರ್ಧನೂ ಮಾಡ್ಲಿಲ್ಲ."

ಪಾಲ್ಟು ಅಂದರೆ ಪಾರ್ಟು. ನಾಟಕದ ಪಾತ್ರ. ನನ್ನ ಒಡಹುಟ್ಟಿದವಳು ಕೈ ಹಿಡಿದುಕೊಂಡು ಕುಸಿದು ಕೂತಿದ್ದಾಳೆ, ನನ್ನ ಜೀವ ಬಾಯಿಗೆ ಬಂದಿದೆ, ಇವಳು ನನ್ನ ನಟನೆಗೆ ಮಾರ್ಕ್ಸ್ ಕೊಡುತ್ತಿದ್ದಾಳೆ! ನನಗೆ ಸಿಟ್ಟು ಬೇಗ ಬರುತ್ತದೆ (ನನ್ನ ಕ್ಲಾಸಿನಲ್ಲಿ ಕೂತವರನ್ನು ಕೇಳಿ ನೋಡಿ). ಆದರೆ ಅವತ್ತು ಬಂದಂಥ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಹನುಮಕ್ಕನಿಗೆ ಹುಚ್ಚು ಹಿಡಿದಿರಲಿಲ್ಲ. ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಅದನ್ನು ಹೇಳಬೇಕಾದರೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಇರಲಿ, ಒಪ್ಪಿಕೊಳ್ಳುತ್ತೇನೆ.

ಅಕ್ಕನ ಹೆಸರು ರತ್ನಮ್ಮ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನಗೆ ಜಡೆ ಹಾಕಿದ್ದು, ಮಗ್ಗಿ ಕಲಿಸಿದ್ದು, ಬೈದು ಕಾಲೇಜಿಗೆ ಅಟ್ಟಿದ್ದು ಎಲ್ಲ ಅವಳೇ. ಧರ್ಮಪುರದಿಂದಲೂ ಆಚೆ, ಇನ್ನೇನು ಆಂಧ್ರ ಬಂತು ಅನ್ನುವಲ್ಲಿ ಅವಳ ಊರು. ಅಲ್ಲಿ ಫೋನು ಒಂದು ಹೊಲದಲ್ಲಿ ಕನ್ನಡ ಮಾತಾಡಿದರೆ ಪಕ್ಕದ ಹೊಲದಲ್ಲಿ ತೆಲುಗು ಮಾತಾಡುತ್ತದೆ. ಶೇಂಗಾ ಕೀಳುವ ಕಾಲಕ್ಕೆ ನಾನಿರುವ ದುರ್ಗದಿಂದ ಎರಡು ದಿನ ನಾನು ಅಲ್ಲಿಗೆ ಹೋಗುವುದು ರೂಢಿ. ಅಕ್ಕನಿಗೆ ನೆರವಾಗಲು ಅಂತ ಹೇಳಿಕೊಂಡು ಹೋಗುತ್ತೇನೆ. ಹಸಿ ಶೇಂಗಾ ಬೇಯಿಸಿಕೊಂಡು ತಿನ್ನಲು ಬರುತ್ತೇನೆ ಅಂತ ಊರಿಗೆಲ್ಲ ಗೊತ್ತು.

ಆ ಊರಿನಲ್ಲಿ ಎರಡು ರೂಮಿನದೊಂದು ಸರ್ಕಾರಿ ಆರೋಗ್ಯ ಉಪಕೇಂದ್ರ ಇದೆ. ಅಲ್ಲಿಗೆ ಎರಡು ವರ್ಷದ ಹಿಂದೆ ನಸೀಮಾ ಸಿಸ್ಟರ್ ಬಂದರು. ಹೊಸದುರ್ಗದವರು. ಅಲ್ಲಿ ಅವರ ತಂದೆಯದು ವೆಲ್ಡಿಂಗ್ ಶಾಪು. ಸಿಸ್ಟರ್ ಬಂದವರೇ ಮನೆಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರಂತೆ. ಯಾರಿಗೆ ಬಿಪಿ, ಯಾರಿಗೆ ಶುಗರ್, ಯಾರು ಬಸುರಿ. ಅದೆಲ್ಲ ಸರಿ. ಕೊನೆಗೊಂದು ಪ್ರಶ್ನೆ: "ನೀವು ಕೂಗಿದ್ರೆ ಮೊದ್ಲು ಯಾರಿಗೆ ಕೇಳ್ತೈತೆ?"

ಇದೆಂಥ ಪ್ರಶ್ನೆ? ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ.

ಅದು ಅಷ್ಟಕ್ಕೇ ನಿಲ್ಲಲಿಲ್ಲ. ತಿಂಗಳಿಗೊಮ್ಮೆ ಡ್ರಿಲ್ ಶುರುವಾಯಿತು. ಸಿಸ್ಟರ್ ಯಾರಾದರೂ ಒಬ್ಬರಿಗೆ ಗುಟ್ಟಾಗಿ ಒಂದು ಚೀಟಿ ಕೊಡುತ್ತಾರೆ. 'ನಿಮಗೆ ಹಾವು ಕಚ್ಚಿದೆ.' 'ನಿಮಗೆ ಎದೆನೋವು.' 'ನಿಮಗೆ ಕರೆಂಟ್ ಹೊಡೆದಿದೆ.' ಚೀಟಿ ಪಡೆದವರು ಆ ತಿಂಗಳಲ್ಲಿ ಯಾವತ್ತಾದರೂ, ಎಲ್ಲಾದರೂ, ದಿಢೀರ್ ಅಂತ ಬಿದ್ದು ಒದ್ದಾಡಬೇಕು. ಉಳಿದವರು ತಮ್ಮ ತಮ್ಮ ಕೆಲಸ ಮಾಡಿ, ರೋಗಿಯನ್ನು ಉಪಕೇಂದ್ರಕ್ಕೆ ಮುಟ್ಟಿಸಬೇಕು. ಅಲ್ಲಿ ಸಿಸ್ಟರ್ ವಾಚು ನೋಡಿ ಸೀಟಿ ಊದುತ್ತಾರೆ. ಸೀಟಿ ಊದಿದರೆ ಆಟ ಮುಗಿಯಿತು. ಆಮೇಲೆ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

ಒಂದೇ ಒಂದು ರೂಲ್ಸು. ಸೀಟಿ ಊದುವವರೆಗೆ ಇದು ಡ್ರಿಲ್ ಅಂತ ಚೀಟಿಯವರು ಬಾಯಿ ಬಿಡುವಂತಿಲ್ಲ. 'ನಿಜವಾಗ್ಲೂ ಕಚ್ಚಿದೆ' ಅಂತಲೇ ಹೇಳಬೇಕು.

ಅಕ್ಕನಿಗೆ ಹಾವು ಕಚ್ಚುವ ಹಿಂದಿನ ತಿಂಗಳು ಹೆರಿಗೆ ನೋವಿನ ಚೀಟಿ ಹೋಗಿದ್ದು ಓಬಜ್ಜನಿಗೆ. ವಯಸ್ಸು ಎಪ್ಪತ್ತೆರಡು. ಸಿಸ್ಟರ್ ಮುಂಚೆಯೇ ಬರೆದಿಟ್ಟಿದ್ದ ಚೀಟಿಗಳು ಅದಲು ಬದಲಾಗಿದ್ದವಂತೆ. ಆದರೂ ಅಜ್ಜ ಬಿಡಲಿಲ್ಲ. ಹರೆಯದಲ್ಲಿ ಬಯಲಾಟದಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದವನು. ಸೊಂಟ ಹಿಡಿದುಕೊಂಡು ರಸ್ತೆಯಲ್ಲೇ ಕೂತು ಅತ್ತನಂತೆ. ಜನರೂ ಬಿಡಲಿಲ್ಲ. ಸ್ಟ್ರೆಚರಿನಲ್ಲಿ ಹೊತ್ತು ತಂದು ಹಾಕಿದರಂತೆ.

ಇಂಥದ್ದು ಕಿವಿಗೆ ಬಿದ್ದರೆ ಅಂಕಣ ಬರೆಯುವವಳು ಸುಮ್ಮನಿರುತ್ತಾಳಾ? ಬರೆದೆ. ಇದೇ ಜಾಗದಲ್ಲಿ ಬರೆದೆ. ನಿಮಗೂ ನೆನಪಿರಬಹುದು. 'ಮೊದಲು ಮಾತ್ರೆ ಕೊಡ್ರಪ್ಪಾ, ಆಮೇಲೆ ನಾಟಕ ಆಡೀರಂತೆ' ಅಂತ ಕೊನೆಗೊಂದು ಸಾಲು ಕುಟುಕಿ, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ವಾಟ್ಸಾಪಿನಲ್ಲಿ ನಗುವ ಮುಖಗಳು ಸಾಲಾಗಿ ಬಂದಿದ್ದವು. ಆ ನಗುವ ಮುಖ ಕಳಿಸಿದವರಲ್ಲಿ ನೀವೂ ಇದ್ದೀರಿ, ಮರೆಯಬೇಡಿ.

ಅದಾಗಿ ಎರಡು ವಾರಕ್ಕೆ ನಾನು ಅಕ್ಕನ ಹೊಲದಲ್ಲಿದ್ದೆ. ಭಾನುವಾರ, ಬೆಳಿಗ್ಗೆ ಹತ್ತೂವರೆ. ಭಾವ ಗೋಣಿಚೀಲ ತರಲು ಹಿರಿಯೂರಿಗೆ ಹೋಗಿದ್ದರು. ಹಿಂದಿನ ದಿನ ಕಿತ್ತ ಶೇಂಗಾ ಬಳ್ಳಿಯನ್ನು ಅಲ್ಲಲ್ಲಿ ಗುಡ್ಡೆ ಹಾಕಿದ್ದರು. ಹನುಮಕ್ಕ ಹೊಲದ ಆ ತುದಿಯಲ್ಲಿದ್ದಳು. ಈ ತುದಿಯಲ್ಲಿ ನಾನು ಮತ್ತು ಅಕ್ಕ. ಅಕ್ಕ ಒಂದು ಗುಡ್ಡೆಗೆ ಎರಡೂ ಕೈ ಹಾಕಿ ಎತ್ತಿದಳು. ಟೈರಿನ ಗಾಳಿ ಬಿಟ್ಟ ಹಾಗೆ 'ಬುಸ್ಸ್' ಅಂತ ಸದ್ದು. ಅಕ್ಕ "ಅವ್ವಾ" ಅಂದು ಕೈ ಕೊಡವಿದಳು. ದಪ್ಪನೆಯ, ಮೈತುಂಬ ಸರಪಳಿ ಗುರುತಿನ ಹಾವು ಬಳ್ಳಿಯ ಕೆಳಗಿಂದ ಬದುವಿನ ಕಡೆ ಹರಿದು ಹೋಯಿತು. ಕೊಳಕುಮಂಡಲ. ನೋಡಿದ್ದು ನಾನೊಬ್ಬಳೇ.

ಎಡಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಚುಕ್ಕೆ. ಎರಡರಲ್ಲೂ ರಕ್ತ.

ನಾನು ಎರಡು ಡಿಗ್ರಿ ಮಾಡಿದವಳು. ಆ ಹೊತ್ತಿನಲ್ಲಿ ನಾನು ಮಾಡಿದ ಘನಕಾರ್ಯ ಕೇಳಿ. ಮೊದಲು ಕಿರುಚಿದೆ. ಆಮೇಲೆ ಫೋನ್ ತೆಗೆದು ಆಂಬುಲೆನ್ಸಿಗೆ ಒತ್ತಿದೆ. ಯಾರೋ ಹೆಣ್ಣುಮಗಳು ರೆಕಾರ್ಡಿನಲ್ಲಿ ತೆಲುಗಿನಲ್ಲಿ ಏನೋ ಹೇಳಿದಳು, ಕಟ್ ಆಯಿತು. ಮತ್ತೆ ಕಿರುಚಿದೆ. ಹೆಗಲ ಮೇಲಿನ ವೇಲ್ ಎಳೆದು, ಅಕ್ಕನ ಮೊಣಕೈ ಮೇಲೆ ಬಿಗಿಯಾಗಿ ಕಟ್ಟಿಬಿಡೋಣ ಅಂತ ಸುತ್ತತೊಡಗಿದೆ. "ಬ್ಲೇಡು! ಬ್ಲೇಡು ಐತಾ ಯಾರ ಹತ್ರ?" ಅಂತ ಬೇರೆ ಕೂಗಿದೆ. ಬ್ಲೇಡು ತೆಗೆದುಕೊಂಡು ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು.

ಆಗ ಬಂದವಳು ಹನುಮಕ್ಕ. ಬಂದು ಹೇಳಿದ ಮೊದಲ ಮಾತು ನಿಮಗೆ ಹೇಳಿದ್ದೇನೆ.

"ಪಾರ್ಟಲ್ಲ ಕಣೇ! ನಿಜವಾಗ್ಲೂ ಕಚ್ಚೈತೆ!" ಅಂದೆ.

"ಹಂಗೇ ಅನ್ಬೇಕು. ರೂಲ್ಸು ನಿಮ್ಗೂ ಹೇಳವ್ರೆ ಅನ್ನು" ಅಂದಳು. ಅಂದವಳೇ ನನ್ನ ಕೈಯಿಂದ ವೇಲ್ ಕಿತ್ತು ಪಕ್ಕಕ್ಕೆ ಎಸೆದಳು. "ಬಿಗಿಯಾಗಿ ಕಟ್ಬಾರ್ದು ಅಕ್ಕಾರೆ. ಕಟ್ಟಿದ್ರೆ ಸಿಸ್ಟರು ಬೈತಾರೆ."

ಅಕ್ಕನ ಕೈ ನೋಡಿದಳು. ಡ್ರಿಲ್ಲಿನಲ್ಲಿ ಸಿಸ್ಟರ್ ಕುಂಕುಮದಲ್ಲಿ ಎರಡು ಚುಕ್ಕೆ ಇಟ್ಟು ಕಳಿಸುತ್ತಾರಂತೆ. "ಈ ಸಲ ಚುಕ್ಕಿ ಎಷ್ಟ್ ಚೆಂದ ಇಟ್ಟವ್ರೆ! ಹೋದ್ಸಲ ಹಾವಿನ ಚೀಟಿ ಬಂದಾಗ ಕುಂಕ್ಮ ಬೆವರಿಗೆ ಹರ್ದೋಗಿತ್ತು" ಅಂದಳು.

ನನಗೆ ಅವಳನ್ನು ಹೊಡೆಯಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ.

ಆದರೆ ಅವಳ ಬಾಯಿ ಹೀಗೆ ಆಡುತ್ತಿದ್ದಾಗ ಕೈ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಅಕ್ಕನನ್ನು ನಿಧಾನಕ್ಕೆ ಮಲಗಿಸಿದಳು. "ಒಂದೆಜ್ಜೆ ಇಡಂಗಿಲ್ಲ ರತ್ನಕ್ಕ, ಕೈ ಅಲ್ಲಾಡಿಸಂಗಿಲ್ಲ" ಅಂದಳು. ಬುತ್ತಿ ಡಬ್ಬಿಯ ಮುಚ್ಚಳಕ್ಕೆ ಮೆತ್ತಿದ್ದ ಎಣ್ಣೆಯನ್ನು ಬೆರಳಿಗೆ ಬಳಿದು, ಅಕ್ಕನ ಉಂಗುರ ಜಾರಿಸಿದಳು. ಆಮೇಲೆ ಎಡಗೈಯ ಗಾಜಿನ ಬಳೆ ಒಂದೊಂದಾಗಿ ತೆಗೆದು ಬಲಗೈಗೆ ಏರಿಸಿದಳು. "ಈ ಕೈಯವು ಆ ಕೈಗೆ" ಅಂತ ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದಳು.

ಈ ಬಳೆಯ ಕಥೆ ನನಗೆ ಆಮೇಲೆ ಗೊತ್ತಾಯಿತು. ಹಾವು ಕಚ್ಚಿದ ಕೈ ಬಾತುಕೊಳ್ಳುತ್ತದೆ, ಬಳೆ ಉಂಗುರ ಬಿಗಿದರೆ ಕೈಗೇ ಕಂಟಕ. ಆದ್ದರಿಂದ ತೆಗೆಯಬೇಕು. ಮೊದಲ ಡ್ರಿಲ್ಲಿನಲ್ಲಿ ಸಿಸ್ಟರ್ "ಬಳೆ ತೆಗೀರಿ" ಅಂದಾಗ ಹೆಂಗಸರೆಲ್ಲ ಮುಖ ಗಂಟಿಕ್ಕಿ ಎದ್ದು ಹೋದರಂತೆ. ಗಂಡ ಬದುಕಿರುವಾಗ ಬರಿಗೈ ಮಾಡುವುದಾ? ಬೇರೆಯವರಾಗಿದ್ದರೆ ಮೂಢನಂಬಿಕೆ ಅಂತ ಒಂದು ಭಾಷಣ ಬಿಗಿಯುತ್ತಿದ್ದರು (ನಾನಾಗಿದ್ದರೆ ಒಂದು ಅಂಕಣ). ಸಿಸ್ಟರ್ ಮಾರನೇ ದಿನ ಹನುಮಕ್ಕನ ಮನೆಗೇ ಹೋಗಿ, "ನೀನೇ ಹೇಳು ಹನುಮಕ್ಕ, ಏನ್ ಮಾಡಾಣ?" ಅಂತ ಕೇಳಿದರಂತೆ. ಆಗ ಹನುಮಕ್ಕ ಹೇಳಿದ ಉಪಾಯ ಅದು. ಈ ಕೈಯವು ಆ ಕೈಗೆ. ಕೈಯೂ ಬರಿದಾಗಲಿಲ್ಲ, ಕೆಲಸವೂ ಆಯಿತು.

ಬುತ್ತಿ ಚೀಲದ ತಳದಿಂದ ಒಂದು ರಟ್ಟು ತೆಗೆದು ಕೈಯ ಕೆಳಗೆ ಇಟ್ಟು, ಟವೆಲ್ಲಿನಿಂದ ಸಡಿಲವಾಗಿ ಸುತ್ತಿದಳು. ಆಮೇಲೆ ಎದ್ದು ನಿಂತು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು. "ಕೂ...!" ಮೂರು ಸಲ.

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹನುಮಕ್ಕ ಕೂಗಿದರೆ ಬೋರ್‌ವೆಲ್ ಮನೆಯ ಹತ್ತಿರ ಇರುವ ಓಬಜ್ಜನಿಗೆ ಕೇಳುತ್ತದೆ. ಓಬಜ್ಜ ಮೂರು ಸಲ ಕೂಗಿದರೆ (ಬಯಲಾಟದ ಕಂಠ, ಕೇಳಬೇಕಾ?) ರಸ್ತೆ ಪಕ್ಕದ ಬಾಬಾಜಾನನ ಮನೆಗೆ ಕೇಳುತ್ತದೆ. ಬಾಬಾಜಾನ್ ತನ್ನ ಗೂಡ್ಸ್ ಆಟೋದ ಹಾರ್ನನ್ನು ಮೂರು ಸಲ ಉದ್ದಕ್ಕೆ ಹೊಡೆದರೆ ಉಪಕೇಂದ್ರಕ್ಕೆ ಕೇಳುತ್ತದೆ. ನೋಟ್‌ಬುಕ್ಕಿನ ಆ ಪ್ರಶ್ನೆ ಇದಕ್ಕಾಗಿತ್ತು. ಟವರ್ ಇಲ್ಲದ ಕಡೆ ಸಿಸ್ಟರ್ ಕೂಗಳತೆಯಲ್ಲೇ ಒಂದು ಲೈನ್ ಎಳೆದಿದ್ದರು. ನಾನು ನಕ್ಕಿದ್ದೆನಲ್ಲ, ಆ ಲೈನು.

ಬೋರ್‌ವೆಲ್ ಮನೆಯಿಂದ ಇಬ್ಬರು ಆಳುಗಳು ಸ್ಟ್ರೆಚರ್ ಹಿಡಿದು ಓಡಿ ಬಂದರು. ಕಬ್ಬಿಣದ ಪೈಪು, ನಡುವೆ ಗೋಣಿತಾಟು. ಸಿಸ್ಟರ ತಂದೆ ಹೊಸದುರ್ಗದಲ್ಲಿ ಬೆಸುಗೆ ಹಾಕಿ ಬಸ್ಸಿನ ಟಾಪ್ ಮೇಲೆ ಹಾಕಿ ಕಳಿಸಿದ್ದು. ಹಿಂದೆಯೇ ಓಬಜ್ಜ. ಅವನ ಕೆಲಸ ಟೈಮ್ ಬರೆಯುವುದು. ಅಕ್ಕನ ಬಲಗೈ ಮೇಲೆ ಪೆನ್ನಿನಲ್ಲಿ 10.35 ಅಂತ ಬರೆದ. ಬರೆದು ನನ್ನ ಕಡೆ ತಿರುಗಿದ.

"ಮೇಡಮ್ಮೋರೆ, ಅಳಾದು ಚೆನ್ನಾಗೈತೆ. ಆದ್ರೆ ಸ್ವಲ್ಪ ಜಾಸ್ತಿ ಆಯ್ತು. ಹಾವು ಕಚ್ಚಿದ್ದು ರತ್ನಮ್ಮಂಗೆ, ನೀವ್ಯಾಕೆ ಹಿಂಗೆ ಒದ್ದಾಡ್ತೀರಿ?"

"ಅಜ್ಜಾ, ನಿನ್ ಕಾಲಿಗೆ ಬೀಳ್ತೀನಿ, ಇದು ಡ್ರಿಲ್ ಅಲ್ಲ!"

"ಅಲ್ಲ ಅಲ್ಲ, ಯಾರಂದ್ರು ಡ್ರಿಲ್ಲು ಅಂತ?" ಅಂದು ಆಳುಗಳಿಗೆ ಕಣ್ಣು ಹೊಡೆದ.

"ನಿಜ ಉರಿತೈತೆ ಓಬಜ್ಜ" ಅಂದಳು ಅಕ್ಕ.

"ಹಾಂ! ಹಂಗೆ! ಹಂಗನ್ನು!"

ಆಗ ಅಕ್ಕ ಮಾಡಿದ್ದೇನು ಗೊತ್ತೇ? ನಕ್ಕುಬಿಟ್ಟಳು. ಹಣೆಯಲ್ಲಿ ಬೆವರು ಹನಿಯುತ್ತಿತ್ತು, ಹೆಬ್ಬೆರಳು ಆಗಲೇ ಬಾತುಕೊಂಡಿತ್ತು, ಆದರೂ ನಕ್ಕಳು. "ಸುಮ್ನಿರೇ ಪುಟ್ಟಿ. ಅವ್ರ ಕೆಲ್ಸ ಅವ್ರು ಮಾಡ್ತಾವ್ರೆ, ಮಾಡ್ಲಿ ಬಿಡು" ಅಂದಳು. ಅಂದು ಕಣ್ಣು ಮುಚ್ಚಿಕೊಂಡಳು.

ಅಮ್ಮನೂ ಹೀಗೇ ಏನೋ ಹೇಳಿ ಕಣ್ಣು ಮುಚ್ಚಿದ್ದಳು.

ರಸ್ತೆ ಮುಟ್ಟುವಾಗ ಬಾಬಾಜಾನನ ಆಟೋ ಹಿಂದಿನ ಬಾಗಿಲು ತೆರೆದು ನಿಂತಿತ್ತು. ರೋಗಿ ಸಾಗಿಸುವ ಆ ವಾರದ ಪಾಳಿ ಅವನದು. ಈರುಳ್ಳಿ ಚೀಲಗಳನ್ನು ರಸ್ತೆಗೆ ಉರುಳಿಸಿ ಜಾಗ ಮಾಡಿದ್ದ. ಭಾನುವಾರದ ಶೇವಿಂಗ್ ಅರ್ಧಕ್ಕೆ ಬಿಟ್ಟು ಬಂದಿದ್ದರಿಂದ ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ನೊರೆ. "ಈ ಭಾನ್ವಾರನೇ ಬೇಕಿತ್ತಾ ರತ್ನಕ್ಕಾ ನಿಂಗೆ?" ಅಂತ ಗೊಣಗಿದ. ಗೊಣಗುತ್ತಲೇ, ಸ್ಟ್ರೆಚರ್ ಕುಲುಕದ ಹಾಗೆ ಪೈಪಿಗೆ ಹಗ್ಗ ಬಿಗಿದ. ನಾನು, ಹನುಮಕ್ಕ, ಓಬಜ್ಜ ಹತ್ತಿಕೊಂಡೆವು.

ಉಪಕೇಂದ್ರದ ಬಾಗಿಲಲ್ಲಿ ನಸೀಮಾ ಸಿಸ್ಟರ್ ನಿಂತಿದ್ದರು. ಬಟ್ಟೆ ಒಗೆಯುತ್ತಿದ್ದವರು, ಮೊಣಕೈವರೆಗೆ ಸೋಪಿನ ನೊರೆ. ಕೊರಳಲ್ಲಿ ಸೀಟಿ. ಹೆಗಲಿಗೆ ಆಗಲೇ ಬ್ಯಾಗ್ ಏರಿತ್ತು.

"ಹನ್ನೆರಡು ನಿಮ್ಷ ಸಿಸ್ಟರೇ!" ಓಬಜ್ಜ ಆಟೋದಿಂದ ಇಳಿಯುತ್ತಲೇ ಕೂಗಿದ. "ಹೋದ್ಸಲಕ್ಕಿಂತ ಎರಡು ಕಮ್ಮಿ! ಊದ್ರಿ ಸೀಟಿ. ಮಂಡಕ್ಕಿ ತರ್ಸ್ರಿ!"

ಸಿಸ್ಟರ್ ಸೀಟಿ ಊದಲಿಲ್ಲ.

ಆಟೋ ಹತ್ತಿ ಅಕ್ಕನ ಕೈ ನೋಡಿದರು. ನಾಡಿ ಹಿಡಿದರು. ಬಾವು ಎಲ್ಲಿಯವರೆಗೆ ಬಂದಿದೆಯೋ ಅಲ್ಲೊಂದು ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೆದರು. ಆಮೇಲೆ ತಲೆ ಎತ್ತಿ ಮೆಲ್ಲಗೆ ಹೇಳಿದರು. "ಈ ತಿಂಗ್ಳ ಚೀಟಿ ಇನ್ನೂ ನನ್ ಟೇಬಲ್ ಮ್ಯಾಲೇ ಐತೆ ಓಬಜ್ಜ. ಯಾರಿಗೂ ಕೊಟ್ಟಿಲ್ಲ."

ಓಬಜ್ಜನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಬಾಬಾಜಾನ್ ಕೆನ್ನೆಯ ನೊರೆಯನ್ನು ತೋಳಿನಿಂದ ಒರೆಸಿಕೊಂಡ. ಹನುಮಕ್ಕ ಮಾತ್ರ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು.

"ಅಯ್ಯೋ ನಮ್ಮವ್ವ... ನಾನು ನಗಾಡ್ಬಿಟ್ನಲ್ಲ. ರತ್ನಕ್ಕನ ಮುಂದೆ ನಗಾಡ್ಬಿಟ್ನಲ್ಲ."

"ನಕ್ಕಿದ್ದಕ್ಕೇ ಕೈ ನಡುಗ್ಲಿಲ್ಲ ನಿಂದು" ಅಂದರು ಸಿಸ್ಟರ್. "ಎಲ್ಲಾ ಸರಿಯಾಗಿ ಮಾಡಿದೀಯ. ಅಳಾದು ಆಮೇಲೆ. ಬಾಬಾಜಾನ್, ನಡಿ. ಹಿರಿಯೂರಿಗೆ."

ಹಿರಿಯೂರಿಗೇ ಏಕೆ? ಉಪಕೇಂದ್ರದ ಗೋಡೆಗೆ ಒಂದು ಸ್ಲೇಟು ತೂಗುಹಾಕಿದೆ. ಪ್ರತಿ ಸೋಮವಾರ ಸಿಸ್ಟರ್ ಫೋನ್ ಮಾಡಿ ಕೇಳಿ, ಹಾವಿನ ವಿಷಕ್ಕೆ ಕೊಡುವ ಔಷಧಿ ಯಾವ ಆಸ್ಪತ್ರೆಯಲ್ಲಿ ಇದೆ ಅಂತ ಅದರಲ್ಲಿ ಬರೆಯುತ್ತಾರೆ. ಅವತ್ತು ಸ್ಲೇಟಿನಲ್ಲಿ ಹಿರಿಯೂರು ಅಂತ ಇತ್ತು. ಇನ್ನೊಂದು ಕಡೆ ಹೋಗಿ, ಅಲ್ಲಿ ಇಲ್ಲ ಅನ್ನಿಸಿಕೊಂಡು, ಮತ್ತೊಂದು ಕಡೆ ಓಡುವ ಗೋಳು ತಪ್ಪಿತು. ಉಪಕೇಂದ್ರದ ಹತ್ತಿರ ಫೋನ್ ಸಿಗುತ್ತದೆ, ಸಿಸ್ಟರ್ ಆಂಬುಲೆನ್ಸಿಗೆ ಹೇಳಿದರು. "ಅದು ಅತ್ಲಾಗಿಂದ ಬರ್ಲಿ, ನಾವು ಇತ್ಲಾಗಿಂದ ಹೋಗಾಣ. ಕುಂತು ಕಾಯಾದು ಬ್ಯಾಡ."

ಗೂಡ್ಸ್ ಆಟೋದ ಹಿಂಭಾಗದಲ್ಲಿ ಅಕ್ಕನ ತಲೆಯ ಹತ್ತಿರ ನಾನು, ಕೈಯ ಹತ್ತಿರ ಸಿಸ್ಟರ್. "ಮಾತಾಡಿಸ್ತಾ ಇರ್ರಿ ಮೇಡಂ. ಹೆದರ್ಸಬ್ಯಾಡ್ರಿ. ಏನಾರ ಮಾತಾಡ್ರಿ" ಅಂದರು. ಗಂಟೆಗಟ್ಟಲೆ ಪಾಠ ಮಾಡುವ ನನಗೆ ಒಂದು ಮಾತೂ ಹೊಳೆಯಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಮಗ್ಗಿ. ಅಕ್ಕ ಕಲಿಸಿದ ಮಗ್ಗಿ. ಹದಿಮೂರರಿಂದ ಶುರು ಮಾಡಿದೆ. ಅಕ್ಕ ಕಣ್ಣು ಮುಚ್ಚಿಕೊಂಡೇ "ಹೂಂ, ಹೂಂ" ಅನ್ನುತ್ತಿದ್ದಳು. ಹದಿನಾರಕ್ಕೆ ಬರುವಾಗ 'ಹೂಂ' ನಿಂತುಹೋಯಿತು. ನಿಲ್ಲಿಸಿದರೆ ಏನಾಗಿಬಿಡುತ್ತದೋ ಅಂತ ಅಳುತ್ತಲೇ ಮುಂದುವರಿಸಿದೆ.

"ಹದಿನೇಳಾರ್ಲೆ ನೂರಾ ಹನ್ನೆರಡು..."

"ನೂರಾ ಎರಡು ಕಣೇ ದಡ್ಡಿ" ಅಂದಳು ಅಕ್ಕ.

ನನ್ನ ಜೀವಮಾನದಲ್ಲಿ ಬೈಸಿಕೊಂಡು ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು. ಸಿಸ್ಟರೂ ನಕ್ಕರು. ಆದರೆ ಅವರ ಬೆರಳು ನಾಡಿ ಬಿಟ್ಟಿರಲಿಲ್ಲ.

ಅರ್ಧ ದಾರಿಯಲ್ಲಿ ಆಂಬುಲೆನ್ಸ್ ಸಿಕ್ಕಿತು. ಆಸ್ಪತ್ರೆಯಲ್ಲಿ ಅಕ್ಕನ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ ಇಟ್ಟರು. ಇಪ್ಪತ್ತು ನಿಮಿಷದಲ್ಲಿ ಅದು ಹೆಪ್ಪುಗಟ್ಟಬೇಕು. ಗಟ್ಟಲಿಲ್ಲ. ಟ್ಯೂಬ್ ಓರೆ ಮಾಡಿದರೆ ನೀರಿನ ಹಾಗೆ ಹರಿಯಿತು. ವಿಷ ಏರಿದೆ ಅಂತ ಅರ್ಥ. ಔಷಧಿ ಸಿದ್ಧವಾಗಿತ್ತು, ಡ್ರಿಪ್ಪಿನಲ್ಲಿ ಇಳಿಯತೊಡಗಿತು. ಡಾಕ್ಟರ್ ವಯಸ್ಸಾದವರು. ಅಕ್ಕನ ಕೈ ಮೇಲಿನ ಗೆರೆ, ಟೈಮ್, ಬಲಗೈಯಲ್ಲಿ ಒತ್ತೊತ್ತಾಗಿ ಕೂತಿದ್ದ ಎರಡು ಕೈಯ ಬಳೆ ಎಲ್ಲ ನೋಡಿದರು. "ಕಟ್ಟಿಲ್ಲ, ಕೊಯ್ದಿಲ್ಲ, ನಾಟಿ ಔಷಧಿ ಮೆತ್ತಿಲ್ಲ, ನಡೆಸಿಕೊಂಡು ಬಂದಿಲ್ಲ. ಯಾರಮ್ಮಾ ಇದನ್ನೆಲ್ಲ ನೋಡ್ಕೊಂಡಿದ್ದು? ನೀವಾ?"

ನಾನು ತಲೆ ತಗ್ಗಿಸಿದೆ. ಇನ್ನೇನು ಮಾಡಲಿ? ನನ್ನ ಕೈಗೆ ಬಿಟ್ಟಿದ್ದರೆ ಕಟ್ಟುವುದೂ ಆಗುತ್ತಿತ್ತು, ಕೊಯ್ಯುವುದೂ ಆಗುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿತು. ಡಾಕ್ಟರ್ ಟ್ಯೂಬನ್ನು ತಲೆಕೆಳಗು ಮಾಡಿ ತೋರಿಸಿದರು, ಒಂದು ಹನಿಯೂ ಬೀಳಲಿಲ್ಲ. ಭಾವ ಹಾಗೇ ಗೋಡೆಗೆ ಒರಗಿ ಕೂತರು. ನಾನು ಕಾರಿಡಾರಿನ ಬೆಂಚಿಗೆ ಬಂದೆ. ಮೊದಲ ಬಸ್ಸಿಗೇ ಹನುಮಕ್ಕ ಬಂದಿದ್ದಳು. ಮುದ್ದೆ ಸಾರಿನ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. "ಉಳಿದಳು ಕಣೇ" ಅಂದೆ. ಅವಳು ಎರಡೂ ಕೈ ಎತ್ತಿ ಯಾವುದೋ ದೇವರಿಗೆ ಮುಗಿದಳು. ಆಮೇಲೆ ನನ್ನ ಬೆನ್ನು ಸವರಿ ಹೇಳಿದಳು:

"ಈಗ ಅಳ್ರಿ ಅಕ್ಕಾರೆ. ಈಗ ಯಾರೂ ಏನೂ ಅನ್ನಲ್ಲ."

ಅತ್ತೆ. ಹೊಟ್ಟೆ ತುಂಬ ಅತ್ತೆ. ಆಮೇಲೆ ಅವಳ ಡಬ್ಬಿಯಲ್ಲಿದ್ದ ಮುದ್ದೆಯನ್ನು ಇಬ್ಬರೂ ಹಂಚಿಕೊಂಡು ಉಂಡೆವು. ಸಾರಿಗೆ ಹುಣಸೆಹಣ್ಣು ಜಾಸ್ತಿಯಾಗಿತ್ತು. ಆದರೂ ಅಷ್ಟು ರುಚಿಯಾದ ಸಾರನ್ನು ನಾನು ಇತ್ತೀಚೆಗೆ ಉಂಡಿಲ್ಲ.

ಅಕ್ಕ ಆರನೇ ದಿನ ಮನೆಗೆ ಬಂದಳು. ಹೆಬ್ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ಆದರೆ ಮುದ್ದೆ ಕಟ್ಟುತ್ತಾಳೆ. ಬಳೆಗಳು ಆ ಕೈಯಿಂದ ಈ ಕೈಗೆ ವಾಪಸ್ ಬಂದಿವೆ. ಅದಕ್ಕೊಂದು ಸಣ್ಣ ಸಮಾರಂಭವೇ ಆಯಿತು. ಹನುಮಕ್ಕನೇ ಮುಂದೆ ನಿಂತು, ಅರಿಶಿನ ಕುಂಕುಮ ಕೊಟ್ಟು ಏರಿಸಿದಳು. ಓಬಜ್ಜ ಅಕ್ಕನ ಮುಂದೆ ಕೂತು, "ನಿಜ ಉರಿತೈತೆ ಅಂದಾಗ ನಾನು ಹಂಗನ್ನು ಅಂದ್ನಲ್ಲ, ತಪ್ಪಾತು ಕಣವ್ವ" ಅಂತ ಕಣ್ಣೀರು ಹಾಕಿದ. (ಈ ಸಲ ನಟನೆಯಲ್ಲ.) ನಾನೂ ನಸೀಮಾ ಸಿಸ್ಟರ ಮುಂದೆ ನಿಂತು ಆ ಅಂಕಣದ ಮಾತೆತ್ತಿದೆ. ಕ್ಷಮಿಸಿ ಅಂದೆ. ಇಲ್ಲೂ ಕೇಳುತ್ತಿದ್ದೇನೆ, ಎಲ್ಲರ ಎದುರಿಗೆ.

"ನಾನೂ ಓದಿದ್ದೆ ಮೇಡಂ. ಚೆನ್ನಾಗಿತ್ತು, ನಗು ಬಂತು" ಅಂದರು ಸಿಸ್ಟರ್. "ನಂಗೂ ಒಳಗೊಳಗೆ ಅನುಮಾನ ಇತ್ತು. ಆಟ ಆಡಿ ಆಡಿ, ನಿಜ ಬಂದ ದಿನ ಇದೂ ಆಟನೇ ಅಂತ ಯಾರೂ ಏಳದಿದ್ರೆ ಅಂತ. ಆಟ ಅಂದ್ಕಂಡೇ ಎದ್ದು ಓಡಿದ್ರಲ್ಲ. ಅವತ್ತಿಂದ ಚೆನ್ನಾಗಿ ನಿದ್ದೆ ಬರ್ತೈತೆ."

ನಮ್ಮ ಕಾಲೇಜಿನಲ್ಲೂ ವರ್ಷಕ್ಕೊಮ್ಮೆ ಬೆಂಕಿ ಡ್ರಿಲ್ ಆಗುತ್ತದೆ. ಬೆಲ್ ಹೊಡೆಯುತ್ತದೆ, ಎಲ್ಲರೂ ಅಂಗಳಕ್ಕೆ ಬಂದು ಗ್ರೂಪ್ ಫೋಟೋ ತೆಗೆಸಿಕೊಂಡು, ಸಹಿ ಹಾಕಿ ಒಳಗೆ ಹೋಗುತ್ತೇವೆ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನಮ್ಮ ಸ್ಟಾಫ್ ರೂಮಿನ ಬಾಗಿಲು ಗಾಳಿಗೆ ಹಾಕಿಕೊಳ್ಳದ ಹಾಗೆ ತಡೆಯುತ್ತಾ ನಿಂತಿದೆ. ಅದನ್ನು ಬಳಸುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಪಕ್ಕದ ಟೇಬಲ್ಲಿನವರಿಗೂ ಗೊತ್ತಿಲ್ಲ. ಹೋದ ವಾರ ಕೇಳಿದೆ.

ಕೊಡಬೇಕಾದ ದಂಡವನ್ನೂ ಕೊಟ್ಟು ಬಂದೆ. ಕಳೆದ ತಿಂಗಳು ನಾನು ಅಕ್ಕನನ್ನು ನೋಡಲು ಹೋದಾಗ ಸಿಸ್ಟರ್ ಗುಟ್ಟಾಗಿ ನನ್ನ ಕೈಗೆ ಒಂದು ಚೀಟಿ ಇಟ್ಟರು. 'ನಿಮಗೆ ಎದೆನೋವು.' ಬಸ್‌ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಬಿದ್ದೆ. ಕಷ್ಟಪಟ್ಟು ನರಳಿದೆ. ಓಡಿ ಬಂದರು, ಮಲಗಿಸಿದರು, ಹೊತ್ತರು, ಮುಟ್ಟಿಸಿದರು. ಯಾರೊಬ್ಬರೂ ನಗಲಿಲ್ಲ. ಸಿಸ್ಟರ್ ಸೀಟಿ ಊದಿದಾಗ ಎಲ್ಲರೂ ಉಸಿರು ಬಿಟ್ಟ ಸದ್ದು ಕೇಳಿಸಿತು. ಆ ಸೀಟಿಯ ಸದ್ದು ನನಗೆ ಅಷ್ಟು ಹಿತವಾಗಿ ಕೇಳಿಸುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಮಂಡಕ್ಕಿ ತಿನ್ನುವಾಗ ಓಬಜ್ಜ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದ. "ಬೇಜಾರ್ ಮಾಡ್ಕಬ್ಯಾಡ್ರಿ ಮೇಡಮ್ಮೋರೆ. ಈ ಸಲ ನಿಮ್ ಪಾಲ್ಟು ಅಷ್ಟಕ್ಕಷ್ಟೆ."

ಹೊರಡುವಾಗ ಸಿಸ್ಟರ್ ನೋಟ್‌ಬುಕ್ ತೆಗೆದರು. "ನೀವೂ ಈಗ ನಮ್ಮೋರೇ. ನಿಮ್ಮ ದುರ್ಗದ ಮನೇದೂ ಬರ್ಕಂತೀನಿ" ಅಂತ ತಮಾಷೆಗೆ ಪೆನ್ನು ಹಿಡಿದರು. ಬಿಪಿ ಕೇಳಿದರು, ಹೇಳಿದೆ. ಶುಗರ್ ಕೇಳಿದರು, ಹೇಳಿದೆ. "ನೀವು ಕೂಗಿದ್ರೆ ಮೊದ್ಲು ಯಾರಿಗೆ ಕೇಳ್ತೈತೆ ಮೇಡಂ?"

ನಾನು ಒಬ್ಬಳೇ ಇರುವವಳು. ಹನ್ನೊಂದು ವರ್ಷದಿಂದ ಅದೇ ಮನೆ. ಪಕ್ಕದ ಮನೆಯಾಕೆಯೊಂದಿಗೆ ಮಾತು ಬಿಟ್ಟು ಎರಡು ವರ್ಷ. ಅವರ ಮನೆಯ ನುಗ್ಗೆಮರದ ಎಲೆ ನಮ್ಮ ಅಂಗಳಕ್ಕೆ ಉದುರುತ್ತದೆ ಅಂತ ಶುರುವಾದ ಜಗಳ. (ಹೌದು, ಇಷ್ಟೇ.) ಸಿಸ್ಟರಿಗೆ ಏನು ಹೇಳಲಿ? "ಆಮೇಲೆ ಫೋನ್ ಮಾಡಿ ಹೇಳ್ತೀನಿ" ಅಂದೆ. ಅವರು ಆ ಜಾಗವನ್ನು ಹಾಗೇ ಖಾಲಿ ಬಿಟ್ಟರು.

ಮೊನ್ನೆ ಸಂಜೆ ಅಕ್ಕನ ಹೊಲದ ಎರಡು ಸೇರು ಶೇಂಗಾ ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಆಕೆ ಬಾಗಿಲು ತೆಗೆದವರು ನನ್ನನ್ನು ನೋಡಿ ಮೊದಲು ನುಗ್ಗೆಮರದ ಕಡೆ ನೋಡಿದರು. ಪೀಠಿಕೆ ಹಾಕಲು ನನಗೆ ಬರುವುದಿಲ್ಲ. ನೇರವಾಗಿ ಕೇಳಿದೆ. "ನಾನು ಕೂಗಿದ್ರೆ ನಿಮಗೆ ಕೇಳುತ್ತಾ?"

"ನಿಮ್ಮನೆ ಮಿಕ್ಸಿ ತಿರುಗಿದ್ರೆ ಇವತ್ತು ಯಾವ ಚಟ್ನಿ ಅಂತ ಗೊತ್ತಾಗ್ತೈತೆ ನಮಗೆ. ಕೂಗಿದ್ರೆ ಕೇಳಲ್ವಾ?" ಅಂದರು ಆಕೆ.

"ಕೇಳಿದ್ರೆ ಬರ್ತೀರಾ?"

ಆಕೆ ಶೇಂಗಾ ಚೀಲ ಕೈಗೆ ತೆಗೆದುಕೊಂಡರು. "ಬರ್ತೀನಿ. ಆದ್ರೆ ಹೆಂಗೆ ಬರ್ಲಿ ಹೇಳ್ರಿ? ನಿಮ್ ಗೇಟಿಗೆ ಹಗಲೊತ್ತಲ್ಲೂ ಒಳಗಿಂದ ಬೀಗ ಜಡಿದಿರ್ತೀರಲ್ಲ!"

ನಮ್ಮ ಗೇಟಿನ ಎರಡನೇ ಬೀಗದ ಕೈ ಮೊನ್ನೆಯಿಂದ ಅವರ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದೆ. ಸಿಸ್ಟರಿಗೆ ಫೋನ್ ಮಾಡಿ ಖಾಲಿ ಜಾಗಕ್ಕೆ ಆಕೆಯ ಹೆಸರು ಬರೆಸಿದ್ದೇನೆ.

ನಿಮ್ಮ ಗೇಟಿನ ಎರಡನೇ ಬೀಗದ ಕೈ ಯಾರ ಮನೆಯಲ್ಲಿದೆ?